ಏಳನೇ ಪೆಟ್ಟಿಗೆಯ ಗೆರೆ

ಫೆಬ್ರವರಿ ೪, ಮಂಗಳವಾರ

ಮದುವೆಯಾಗಿ ಇಂದಿಗೆ ಇಪ್ಪತ್ತಮೂರು ದಿನ. ಗಂಡ! ನನಗೊಬ್ಬ ಗಂಡ! ಬರೆಯುವಾಗಲೇ ಕಿವಿ ಬಿಸಿಯಾಗುತ್ತದೆ. ಹನ್ನೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಡೈರಿ ಬರೆದವಳು ನಾನು. ಆದರೆ ನನ್ನವನ ಬಗ್ಗೆ ಆ ಭಾಷೆಯಲ್ಲಿ ಬರೆದರೆ ಎಲ್ಲವೂ ಗ್ರೀಟಿಂಗ್ ಕಾರ್ಡಿನಿಂದ ಕದ್ದ ಹಾಗೆ ಕಾಣುತ್ತದೆ. ಅದಕ್ಕೇ ಕನ್ನಡ. ಒತ್ತಕ್ಷರ ತಪ್ಪಿದರೆ ಕಿವಿ ಹಿಂಡುವವರು ಇಲ್ಲಿ ಯಾರೂ ಇಲ್ಲ.

ಈಗ ಇವತ್ತಿನ ಅಸಹ್ಯ.

ಈ ಮಂಜಿನ ಊರಿನಲ್ಲಿ ಚಳಿಗಾಲ ಶುರುವಾದ ಮೇಲೆ ಮೊದಲ ಸಲ ಒಳ್ಳೆಯ ಬಿಸಿಲು ಬಿತ್ತೆಂದು ನಮ್ಮ ಹಾಸಿಗೆಯ ಹೊಸ ಬಿಳಿ ಹೊದಿಕೆಗಳನ್ನು ಒಗೆದು ಹಿತ್ತಲ ತಂತಿಗೆ ಹಾಕಿದೆ. ಹಿತ್ತಲ ತುದಿಯಲ್ಲಿ ಈ ಮನೆಯವರ ಇಪ್ಪತ್ನಾಲ್ಕು ಜೇನುಪೆಟ್ಟಿಗೆಗಳಿವೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಹೊದಿಕೆಯ ತುಂಬ ಹಳದಿ ಚುಕ್ಕೆ, ಹಳದಿ ಗೀಟು, ಗೀಟಿಗೊಂದು ಬಾಲ. ಹುಳಗಳು ಚಳಿಗಾಲವೆಲ್ಲ ಪೆಟ್ಟಿಗೆಯೊಳಗೆ ಹೊಟ್ಟೆ ಬಿಗಿಹಿಡಿದುಕೊಂಡು ಕೂತಿದ್ದು, ಮೊದಲ ಬಿಸಿಲಿಗೆ ಹೊರಬಂದು ಎಲ್ಲವೂ ಒಟ್ಟಿಗೆ ಕಕ್ಕಸು ಮಾಡುತ್ತವಂತೆ! ಮೂರು ತಿಂಗಳದ್ದು! ನನ್ನ ಹೊದಿಕೆಯ ಮೇಲೆ!

ನಾನು ಕಿರುಚಿದೆ. ಅತ್ತೆ ಓಡಿಬಂದರು. ಹೊದಿಕೆಯನ್ನು ಕನ್ನಡಕದ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಹಳದಿನಾ ಕಪ್ಪಾ?"

"ಅತ್ತೆ, ಅದು ಹೇಲು!"

"ಅದು ಗೊತ್ತು ಕಣೇ. ಬಣ್ಣ ಹೇಳು."

"ಹಳದಿ."

"ಹಾಗಾದ್ರೆ ಹೊಟ್ಟೆ ನೆಟ್ಟಗಿದೆ. ಕಪ್ಪಗಿದ್ರೆ ಚಿಂತೆ ಮಾಡ್ಬೇಕಿತ್ತು." ಎಂದವರೇ ಸಂತೋಷದಿಂದ ಒಳಗೆ ಹೋದರು. ಹೋಗುವಾಗ ನನಗೊಂದು ಹೆಸರೂ ಇಟ್ಟರು: "ಏ ಮೂಗುರಾಣಿ, ನಾಳೆಯಿಂದ ಬಟ್ಟೆ ಒಳಗಡೆ ಹಾಕು."

ನನ್ನವನು ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟ. ನಗುವಾಗ ಅವನ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆ. ಆ ಗುಳಿಗೋಸ್ಕರ ಕ್ಷಮಿಸಿದೆ.

ಫೆಬ್ರವರಿ ೭, ಶುಕ್ರವಾರ

ಈ ಮನೆಯಲ್ಲಿ ಅಂಟದ ವಸ್ತುವೇ ಇಲ್ಲ. ಬಾಗಿಲ ಹಿಡಿ ಅಂಟು, ನಲ್ಲಿ ಅಂಟು, ಟಿವಿ ರಿಮೋಟಿನ ನಾಲ್ಕನೇ ಗುಂಡಿ ಒತ್ತಿದರೆ ಮೇಲೇಳುವುದಿಲ್ಲ. ಪೆಟ್ಟಿಗೆಯ ಮುಚ್ಚಳ ಎಬ್ಬಿಸುವ ಕಬ್ಬಿಣದ ಉಳಿ ಊಟದ ಮೇಜಿನ ಮೇಲೆ, ಚಮಚಗಳ ಜೊತೆ! ಅತ್ತೆಯ ಸ್ವೆಟರಿನ ಜೇಬಿನಲ್ಲಿ ಬೆಂಕಿಪೊಟ್ಟಣ, ಸೀಮೆಸುಣ್ಣ, ಮತ್ತು (ನಾನೇ ಕೈ ಹಾಕಿ ನೋಡಿದೆ, ದೇವರೇ) ಏಳು ಸತ್ತ ಹುಳ. ಕೇಳಿದರೆ "ನೋಡೋಣ ಅಂತ ಇಟ್ಕೊಂಡೆ" ಎಂದರು. ಏನು ನೋಡುವುದು?

ನನ್ನವನ ಅಕ್ಕ ಸಂಜೆ ಫೋನ್ ಮಾಡಿದ್ದಳು. ಪೇಟೆಯಲ್ಲಿ ಅವಳ ಫ್ಲಾಟು, ನಾಲ್ಕನೇ ಮಹಡಿ. ಅಮ್ಮನ್ನ ಇಲ್ಲಿಗೆ ಕಳಿಸು, ಆ ಕಣ್ಣಿಟ್ಟುಕೊಂಡು ಇನ್ನೆಷ್ಟು ದಿನ ಹುಳದ ಜೊತೆ ಒದ್ದಾಡುತ್ತಾಳೆ ಎಂದು ಅವಳ ವಾದ. ಅತ್ತೆ ಫೋನಿನಲ್ಲೇ ಕೂಗಿದರು: "ನಿನ್ನ ಮನೇಲಿ ಕಿಟಕಿ ತೆಗೆದ್ರೆ ಪಕ್ಕದ ಮನೆ ಕಿಟಕಿ ಕಾಣತ್ತೆ. ಅದನ್ನ ನೋಡ್ತಾ ಕೂತ್ಕೊಳ್ಲಾ?"

ಮಲಗುವಾಗ ನನ್ನವನು ಮೆಲ್ಲಗೆ ಹೇಳಿದ: "ಈ ವಸಂತ ಒಂದು ನೋಡ್ತೀನಿ. ಅಮ್ಮನ ಕೈಲಿ ಏನಾದ್ರೂ ಒಂದು ತಪ್ಪಾದ್ರೆ ಅಕ್ಕನ ಹತ್ರ ಬಿಟ್ಟುಬರೋದೇ."

ಬರೆಯಬಾರದು, ಆದರೆ ಓದುವವಳು ನಾನೇ ತಾನೇ. ಮನೆಯಲ್ಲಿ ನಾವಿಬ್ಬರೇ ಎಂದರೆ! ಮೇಜಿನ ಮೇಲೆ ಹೂದಾನಿ! ಅಡುಗೆಮನೆಯಲ್ಲಿ ಜೋರಾಗಿ ಹಾಡುತ್ತಾ ನಾನು! ನಿದ್ದೆ ಬರುವವರೆಗೂ ಪರದೆಗಳ ಬಣ್ಣ ಯೋಚಿಸಿದೆ.

ಫೆಬ್ರವರಿ ೧೨, ಬುಧವಾರ

ಥೂ, ಥೂ, ಥೂ. ಸೋಪು ಹಚ್ಚಿ ಐದು ಸಲ ಕೈ ತೊಳೆದೆ. ಇನ್ನೂ ಬರೆಯುವ ಬೆರಳಿನಲ್ಲಿ ವಾಸನೆ.

ಚಳಿಗಾಲದಲ್ಲಿ ನಾಲ್ಕು ಪೆಟ್ಟಿಗೆ ಸತ್ತುಹೋಗಿವೆ. ಮೂರು, ಏಳು, ಹದಿನೈದು, ಹತ್ತೊಂಬತ್ತು. ಸತ್ತ ಪೆಟ್ಟಿಗೆಯಲ್ಲಿ ಉಳಿದ ಜೇನನ್ನು ಚೌಕಟ್ಟಿನ ಸಮೇತ ಬಡಕಲು ಪೆಟ್ಟಿಗೆಗಳಿಗೆ ಇಟ್ಟರೆ ಹೂವು ಬರುವವರೆಗೆ ಅವುಗಳ ಹೊಟ್ಟೆ ತುಂಬುತ್ತದಂತೆ. ಆದರೆ ಹಾಗೆ ಇಡುವ ಮೊದಲು ಆ ಪೆಟ್ಟಿಗೆ ಯಾತರಿಂದ ಸತ್ತಿತು ಎಂದು ನೋಡಬೇಕು. ಅದಕ್ಕೆ ಅತ್ತೆಯ ಕಾನೂನು ಹತ್ತು ಕಡ್ಡಿ. ಮರಿಗಳಿದ್ದ ಎರಿಯನ್ನು, ಅಂದರೆ ಮೇಣದ ತಟ್ಟಿಯನ್ನು, ಬೆಳಕಿಗೆ ಹಿಡಿದು, ಮೇಣದಿಂದ ಮುಚ್ಚಿದ ಕಣಗಳಲ್ಲಿ ಕುಸಿದಂತೆ ಕಾಣುವ ಹತ್ತಕ್ಕೆ ಒಂದೊಂದು ಬೆಂಕಿಕಡ್ಡಿ ಚುಚ್ಚಿ ಮೆಲ್ಲಗೆ ಎಳೆಯಬೇಕು. ಕಡ್ಡಿಯ ಜೊತೆ ಅಂಟು ಎಳೆ ಬಂದರೆ ಮರಿಕೊಳೆ ರೋಗ, ಜೇನಿನ ಜೊತೆ ಹರಡುವಂಥದ್ದು. ಬರದಿದ್ದರೆ ಶುದ್ಧ, ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ.

ನನ್ನವನು ಸಕ್ಕರೆ ಮೂಟೆ ತರಲು ಹೋಗಿದ್ದ. ನಾಲ್ಕೂ ಪೆಟ್ಟಿಗೆಗಳು ಶೆಡ್ಡಿನಲ್ಲಿ ಸಾಲಾಗಿದ್ದವು. "ಎರಡು ನೀನು, ಎರಡು ನಾನು" ಎಂದು ಅತ್ತೆ ಬಾಗಿಲ ಹತ್ತಿರದ ಎರಡನ್ನು, ಮೂರು ಮತ್ತು ಹದಿನೈದನ್ನು, ಎಳೆದುಕೊಂಡು ಕೂತರು. ಒಂದು ಎರಿ ನೋಡಲು ಅವರಿಗೆ ಹಿಡಿಯುವ ಹೊತ್ತಿನಲ್ಲಿ ನಾನು ಒಂದು ಸಿನಿಮಾ ನೋಡಬಹುದು. ನನಗೆ ಏಳು, ಹತ್ತೊಂಬತ್ತು. ಹತ್ತೊಂಬತ್ತರಲ್ಲಿ ಮರಿಯೇ ಇರಲಿಲ್ಲ, ಬಚಾವಾದೆ.

ಏಳು! ಮುಚ್ಚಳ ತೆಗೆದೊಡನೆ ಒಂದು ಕೊಳಕು ಉಸಿರು ಮುಖಕ್ಕೆ ಹೊಡೆಯಿತು, ಬಡಗಿ ಅಂಟು ಕಾಯಿಸುವ ಡಬ್ಬಿಯಲ್ಲಿ ಮೀನು ಸತ್ತ ಹಾಗೆ. ತಳದಲ್ಲಿ ಒಂದು ಬೊಗಸೆಯಷ್ಟು ಸತ್ತ ಹುಳ ಒದ್ದೆಯಾಗಿ, ಬೂಸ್ಟು ಹಿಡಿದು, ಒಂದಕ್ಕೊಂದು ಅಂಟಿಕೊಂಡು. ಎರಿಯ ನಡುವೆ ಅಂಗೈಯಗಲ ಮುಚ್ಚಿದ ಕಣಗಳು, ಕಪ್ಪಗೆ, ಜಿಡ್ಡಾಗಿ, ಒಳಕ್ಕೆ ಕುಸಿದು. ಕಣ್ಣು ಗಟ್ಟಿಯಾಗಿ ಮುಚ್ಚಿ ಒಂದಕ್ಕೆ ಚುಚ್ಚಿದೆ. ಕಡ್ಡಿ ಒಳಗೆ ಮೆತ್ತಗೆ ಇಳಿಯಿತು. ಎಳೆದೆ. ಎಳೆ ಬಂತೋ ಏನು ಬಂತೋ, ಕಣ್ಣು ಬಿಟ್ಟರಲ್ಲವೇ ನೋಡುವುದು! ಕಡ್ಡಿ ಎಸೆದು ಹೊರಗೆ ಓಡಿ ಗೋಡೆ ಹಿಡಿದು ಓಕರಿಸಿದೆ.

ಆಮೇಲೆ ಒಳಗೆ ಬಂದು ಉಳಿದ ಒಂಬತ್ತು ಕಡ್ಡಿ ಮುರಿದು ಜೇಬಿಗೆ ಹಾಕಿಕೊಂಡು ಮುಚ್ಚಳದ ಮೇಲೆ ಗೆರೆ ಎಳೆದೆ. ನೆಟ್ಟಗಿನ, ಚಂದದ ಗೆರೆ.

"ಆಯ್ತಾ?" ಎಂದರು ಅತ್ತೆ, ತಲೆಯೆತ್ತದೆ.

"ಆಯ್ತು ಅತ್ತೆ."

ನಾನು ಜಾಣೆ! ಸತ್ತ ಹುಳಕ್ಕೆ ಇಷ್ಟು ಉಪಚಾರ ಸಾಕು.

ಫೆಬ್ರವರಿ ೧೩, ಗುರುವಾರ

ನನ್ನವನು ಗೆರೆ ಇದ್ದ ಪೆಟ್ಟಿಗೆಗಳ ಜೇನನ್ನೆಲ್ಲ ಹಂಚಿದ. ಏಳರಲ್ಲಿ ಎಲ್ಲಕ್ಕಿಂತ ಹೆಚ್ಚು ಜೇನಿತ್ತು. ಎಂಟು, ಒಂಬತ್ತು, ಹತ್ತು, ಹನ್ನೆರಡಕ್ಕೆ ಹೋಯಿತು. ಯಾವುದರದ್ದು ಯಾವುದಕ್ಕೆ ಎಂದು ಶೆಡ್ಡಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ. ಭಾರ ಎತ್ತುವಾಗ ಅವನ ತೋಳು ನೋಡಬೇಕು! ನೋಡಿದೆ.

ಫೆಬ್ರವರಿ ೨೫, ಮಂಗಳವಾರ

ಬದುಕಿರುವ ಪೆಟ್ಟಿಗೆಗಳ ತಳದ ಹಲಗೆ ಕೆರೆಯುವುದು ನನ್ನ ಪಾಲಿಗೆ ಬಂದಿದೆ. ಹದಿನಾಲ್ಕರ ಕೆಳಗೆ ಇಲಿಯ ಗೂಡು. ಒಣಹುಲ್ಲು, ಮೂತ್ರ, ತಲೆಯಿಲ್ಲದ ಹುಳಗಳು. ಇಲಿ ತಲೆ ಮಾತ್ರ ತಿಂದು ಉಳಿದದ್ದನ್ನು ಬಿಡುತ್ತದೆ, ನನ್ನ ಸೋದರಮಾವ ಬಿಸ್ಕತ್ತಿನ ಕೆನೆ ನೆಕ್ಕಿದ ಹಾಗೆ. ಹಳೆಯ ಎರಿಗಳಲ್ಲಿ ಮೇಣದ ಪತಂಗದ ಮರಿಗಳು, ಬೆಳ್ಳಗೆ, ದಪ್ಪಗೆ, ಬಲೆ ಕಟ್ಟಿಕೊಂಡು ಅದರಲ್ಲೇ ಹೇತುಕೊಂಡು. ಅತ್ತೆ ಅವನ್ನು ಬೆರಳಲ್ಲೇ ಚಿವುಟುತ್ತಾರೆ, ಪಟ್ ಎನ್ನುತ್ತದೆ. ನಾನು ಚಮಚ ತಂದೆ. ಚಮಚ ನೋಡಿ ಹೊಟ್ಟೆ ನೋಯುವಷ್ಟು ನಕ್ಕರು.

"ಚಾಕು ಫೋರ್ಕೂ ತರ್ಬೇಕಿತ್ತು, ಮೂಗುರಾಣಿ!"

ಮಧ್ಯಾಹ್ನ ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬಂದ ಹುಳವೊಂದನ್ನು ಅತ್ತೆ ನನ್ನ ಅಂಗೈ ಮೇಲೆ ಬಿಟ್ಟರು. "ಎಲ್ಲೋ ಹೂವು ಬಿಟ್ಟಿದೆ" ಎಂದರು. ಅದು ಕಚ್ಚಲಿಲ್ಲ. ಕಾಲುಗಳು ಕೆರೆದಂತಾಗಿ ಅಸಹ್ಯವಾಯಿತು. ಆದರೂ ಅದು ಹಾರುವವರೆಗೆ ಕೈ ಕೊಡವಲಿಲ್ಲ.

ಮಾರ್ಚ್ ೧೫, ಶನಿವಾರ

ಹತ್ತನೇ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಆ ವಾಸನೆ.

ನನ್ನವನಿಗೆ ಬರಲಿಲ್ಲ, ಅವನು ಬಾಯಲ್ಲಿ ಹುಳ ತಣಿಸುವ ಹೊಗೆತಿತ್ತಿಯ ಹೊಗೆ ನುಂಗುತ್ತಾ ಕೆಲಸ ಮಾಡುವವನು. ಅತ್ತೆಗೂ ಮೊದಲು ಬರಲಿಲ್ಲ. ನನಗೆ ಬಂತು. ಶೆಡ್ಡಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತ ಕ್ಷಣ ಹಾಗೆಯೇ ಮೂಗಿಗೆ ಬಂದುಬಿಟ್ಟಿತು.

"ಅತ್ತೆ, ಅಂಟಿನ ವಾಸನೆ."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಎರಿ ಎತ್ತಿ ಕುಸಿದ ಕಣವೊಂದಕ್ಕೆ ಕಡ್ಡಿ ಚುಚ್ಚಿ ಎಳೆದರು. ಕಂದು ಎಳೆ ಬಂತು. ಎರಡು ಬೆರಳಗಲ ಉದ್ದ ಬಂದು, ತೆಳ್ಳಗಾಗಿ, ತುಂಡಾಗಿ ಹಿಂದಕ್ಕೆ ಮುದುಡಿತು. ಅದು ಮರಿಹುಳವಾಗಿದ್ದದ್ದು. ನಾನು ಕಣ್ಣು ಬಿಟ್ಟುಕೊಂಡೇ ನೋಡಿದೆ.

ಎಂಟು, ಒಂಬತ್ತು, ಹತ್ತು, ಹನ್ನೆರಡು. ಏಳರ ಜೇನು ತಿಂದ ನಾಲ್ಕೂ.

ಮಾರ್ಚ್ ೧೭, ಸೋಮವಾರ

ಇಲಾಖೆಯಿಂದ ತಪಾಸಣೆಯ ಹೆಂಗಸು ಬಂದಿದ್ದಳು. ಅತ್ತೆ ಅವಳನ್ನು ಬೆಂಕಿಯಮ್ಮ ಎನ್ನುತ್ತಾರೆ, ಅವಳು ಕಾಲಿಟ್ಟಲ್ಲಿ ಏನಾದರೊಂದು ಸುಡಲೇಬೇಕಂತೆ. ರಬ್ಬರ್ ಬೂಟು, ಕತ್ತರಿಸಿದ ಕೂದಲು, ಮಾತು ಕಡಿಮೆ. ಎಲ್ಲ ಪೆಟ್ಟಿಗೆ ತೆಗೆಸಿದಳು. ಗೋಡೆಯ ಮೇಲಿನ ಪೆನ್ಸಿಲ್ ಬರಹ ಓದಿದಳು. ಶೆಡ್ಡಿನ ಮೂಲೆಯಲ್ಲಿದ್ದ ಆ ನಾಲ್ಕು ಖಾಲಿ ಪೆಟ್ಟಿಗೆಗಳ ಎರಿ ನೋಡಿದಳು.

"ಮೂರು, ಹದಿನೈದು, ಹತ್ತೊಂಬತ್ತು ಶುದ್ಧ. ರೋಗ ಬಂದಿರೋದು ಏಳರಿಂದ. ಕಣ್ಣಿದ್ದೋರು ಯಾರಾದ್ರೂ ಇದಕ್ಕೆ ಗೆರೆ ಎಳೀತಾರಾ?"

ತೀರ್ಪು ಸುಲಭದ್ದು. ರೋಗ ಬಂದ ನಾಲ್ಕೂ ಹುಳಗಳ ಸಮೇತ ಸುಡಬೇಕು, ಜೊತೆಗೆ ಏಳೂ. ಉಳಿದ ಹದಿನಾರನ್ನು ಈ ವಸಂತದಲ್ಲಿ ಹಿತ್ತಲಿಂದ ಅಲುಗಾಡಿಸುವಂತಿಲ್ಲ, ಪರಾಗಸ್ಪರ್ಶಕ್ಕೆಂದು ಬಾಡಿಗೆಗೆ ಹಣ್ಣಿನ ತೋಟಗಳಿಗೆ ಒಂದೂ ಹೋಗುವಂತಿಲ್ಲ.

ಅವಳು ಹೋದ ಮೇಲೆ ಅತ್ತೆ ಶೆಡ್ಡಿನ ಹೊಸ್ತಿಲ ಮೇಲೆ ಕೂತು ಕೇಳಿದರು. ಮಗ ಅಲ್ಲೇ ನಿಂತಿದ್ದ.

"ಏಳು ನೀನಾ ನಾನಾ?"

"ನೀವು ಅತ್ತೆ," ಎಂದೆ. "ನನ್ನದು ಮೂರು, ಹತ್ತೊಂಬತ್ತು."

ಎಷ್ಟು ಸರಾಗವಾಗಿ ಬಂತು! ತಡವರಿಸಲೂ ಇಲ್ಲ.

ಅತ್ತೆ ತಲೆಯಾಡಿಸಿದರು. "ನಾನೇ ಇರ್ಬೇಕು. ಆವತ್ತು ಬೆಳಕೂ ಕಮ್ಮಿ ಇತ್ತು" ಎಂದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

ಮಾರ್ಚ್ ೧೮, ಮಂಗಳವಾರ

ಭಾನುವಾರ ಅಕ್ಕ ಕಾರು ತರುತ್ತಾಳೆ. ಅತ್ತೆಯನ್ನು ಅವಳ ಜೊತೆ ಕಳಿಸುವುದೆಂದು ನಿಶ್ಚಯವಾಗಿದೆ. ಅವನು ಅಮ್ಮನ ಹತ್ತಿರ ಎಷ್ಟು ಸಿಹಿಯಾಗಿ ಮಾತಾಡಿದ, ಮಗುವಿಗೆ ಔಷಧಿ ಕುಡಿಸುವಾಗ ಆಡುವ ಸಿಹಿ. "ನಿನ್ನ ತಪ್ಪು ಅಂತ ಅಲ್ಲಮ್ಮ. ವಯಸ್ಸಾಯ್ತು. ಅಲ್ಲಿ ಲಿಫ್ಟ್ ಇದೆ. ಬಿಸಿನೀರು ಇದೆ." ಕೆನ್ನೆಯ ಗುಳಿಯೂ ಬಿತ್ತು. ಇಷ್ಟು ದಿನ ಅದು ಇಂಥ ಹೊತ್ತಿನಲ್ಲೂ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಫೋನಿನಲ್ಲಿ ಕೂಗುವ ಅತ್ತೆ "ಆಯ್ತಪ್ಪ" ಎಂದರು, ಅಷ್ಟೇ.

ಮಧ್ಯಾಹ್ನ ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದರು. ಹೊಲಿಯುವ ಬಟ್ಟೆ ಏನೂ ಎದುರಿಗಿರಲಿಲ್ಲ. ಒಂದು ಸಲ ಪೋಣಿಸಿದರು, ದಾರ ಕಿತ್ತರು, ಮತ್ತೆ ಪೋಣಿಸಲು ಹೋದರು. ಮೂರನೇ ಸಲ ಆಗಲಿಲ್ಲ. ನಾಲ್ಕನೇ ಸಲವೂ.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಹೋಗಲಿಲ್ಲ. ಬಾಯಿಯೆಲ್ಲ ಒಂದು ಥರ ಕಹಿ, ಎಷ್ಟು ಸಲ ಉಗುಳಿದರೂ ಹೋಗದು.

ನಾನು ಬೆಲೆ ವಿಚಾರಿಸಿದ್ದ ಪರದೆಯ ಅಂಗಡಿಯವನು ಫೋನ್ ಮಾಡಿದ್ದ. ಬೇಡ ಎಂದೆ.

ಮಾರ್ಚ್ ೧೯, ಬುಧವಾರ

ಗುಂಡಿ ತೋಡಿದ್ದಾಯಿತು. ಸಂಜೆ ಹುಳಗಳೆಲ್ಲ ಒಳಗೆ ಬಂದ ಮೇಲೆ ನಾಲ್ಕೂ ಪೆಟ್ಟಿಗೆಗಳ ಬಾಗಿಲಿಗೆ ಬಟ್ಟೆ ತುರುಕಿದೆ. ಹತ್ತನೇ ಪೆಟ್ಟಿಗೆಗೆ ಹತ್ತು ಹನ್ನೆರಡು ಹುಳ ತಡವಾಗಿ ಬಂದವು, ಕಾಲಿನಲ್ಲಿ ಪರಾಗ. ಅವಕ್ಕಾಗಿ ಬಟ್ಟೆ ಸರಿಸಿ ಒಳಗೆ ಬಿಟ್ಟು ಮತ್ತೆ ಮುಚ್ಚಿದೆ. ನಾಳೆ ಸುಡುವುದಕ್ಕೆ ಇವತ್ತು ಬಾಗಿಲು ತೆಗೆದುಕೊಡುವುದು. ನನ್ನಂಥ ಕೊಳಕಿ ಇನ್ನೊಬ್ಬಳಿಲ್ಲ.

ಮಾರ್ಚ್ ೨೦, ಗುರುವಾರ

ಬೆಳಕು ಹರಿಯುವಾಗ ಮೂವರೂ ಗುಂಡಿಯ ಹತ್ತಿರ ಹೋದೆವು. ಅವನು ಎಂಟರ ಮೇಲಿನ ಕಿಂಡಿಯಿಂದ ಪೆಟ್ರೋಲು ಸುರಿದ. ಒಳಗೆ ಒಂದು ಸದ್ದು ಎದ್ದಿತು, ದೊಡ್ಡ ಹಾಲಿನ ಪಾತ್ರೆ ಉಕ್ಕಿದ ಹಾಗೆ. ಆಮೇಲೆ ಕಡಿಮೆಯಾಯಿತು. ಆಮೇಲೆ ಇಲ್ಲ. ಒಂಬತ್ತೂ ಹಾಗೆಯೇ. ಅತ್ತೆ ಎರಡು ಸಲವೂ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು, ಸದ್ದು ನಿಂತ ಮೇಲೆ ಕೈ ತೆಗೆದರು.

"ನಲವತ್ತು ವರ್ಷದಲ್ಲಿ ಒಂದೂ ಸುಟ್ಟಿರ್ಲಿಲ್ಲ" ಎಂದರು. ನಮಗೆ ಹೇಳಿದ್ದಲ್ಲ. "ಹಾಳು ಕಣ್ಣು."

ನಾನು ಹೇಳಿಬಿಟ್ಟೆ.

"ಏಳು ನಾನು ನೋಡಿದ್ದು ಅತ್ತೆ. ಗೆರೆ ನಾನೆಳೆದದ್ದು."

"ಏನಂದೆ?"

"ಹತ್ತು ಕಡ್ಡಿ ಚುಚ್ಚಲಿಲ್ಲ. ಒಂದು ಚುಚ್ಚಿದೆ, ಅದನ್ನೂ ಕಣ್ಣು ಮುಚ್ಕೊಂಡು. ವಾಸನೆ ತಡೆಯೋಕಾಗ್ಲಿಲ್ಲ. ಮೂರು, ಹದಿನೈದು ನಿಮ್ಮವು."

ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಮೂರು, ಹದಿನೈದು ಶುದ್ಧ ಅಂದ್ಲಲ್ಲ ಬೆಂಕಿಯಮ್ಮ?"

"ಹೂಂ. ಶುದ್ಧ."

"ಎರಡೂ?"

"ಎರಡೂ."

ಮಗನ ಕಡೆ ತಿರುಗಿ ಕೂಗಿದರು, ಆ ಫೋನಿನ ಕೂಗು. "ಕೇಳಿಸ್ಕೊಂಡ್ಯೇನೋ! ನಂದೆರಡೂ ಸರಿ ಇದ್ವಂತೆ! ನಾನು ನೋಡಿದ್ದು ಎರಡೂ ಸರಿ!" ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪಕ್ಕದಲ್ಲಿ ಎರಡು ಪೆಟ್ಟಿಗೆ ಸತ್ತ ಹುಳ. ಇಂಥ ಹೊತ್ತಿನಲ್ಲಿ ಇಂಥ ಸಂತೋಷ ನಾನು ಯಾರ ಮುಖದಲ್ಲೂ ಕಂಡಿಲ್ಲ.

ಆಮೇಲೆ ಆ ಮುಖ ನನ್ನ ಕಡೆ ತಿರುಗಿತು. ನಗು ಎಲ್ಲಿ ಹೋಯಿತೋ.

"ಅಸಹ್ಯ ಆಯ್ತು ಅಂತ ಬಿಟ್ಟೆಯಾ?"

"ಹೂಂ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ನಿಂಗೆ? ಅಸಹ್ಯ ಆಗತ್ತೆ, ನನ್ನ ಕೈಲಾಗಲ್ಲ ಅಂದಿದ್ರೆ ನಾನು ಚುಚ್ತಿದ್ದೆ. ನಂಗೇನು ಆಗಲ್ಲ ಅಂದ್ಕೊಂಡ್ಯಾ? ನಲವತ್ತು ವರ್ಷದಿಂದ ಆಗತ್ತೆ. ಪ್ರತಿ ಸಲ ಹೊಟ್ಟೆ ತೊಳಸತ್ತೆ."

ಅವನು ಪೆಟ್ರೋಲ್ ಕ್ಯಾನು ಹಿಡಿದೇ ನಿಂತಿದ್ದ. "ಮೊನ್ನೆ ಅಮ್ಮ ಕೇಳಿದಾಗ?"

"ಸುಳ್ಳು ಹೇಳಿದೆ."

"ಯಾಕೆ?"

ಪರದೆ, ಹೂದಾನಿ, ನಾವಿಬ್ಬರೇ. ಅದನ್ನೂ ಹೇಳಿದೆ. ಹೇಳುವಾಗ ಅದು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ಅವನು ಇನ್ನೂ ಏನೋ ಇದೆಯೆಂದು ಕಾದ. ಇನ್ನೇನೂ ಇರಲಿಲ್ಲ. ಕ್ಯಾನನ್ನು ನೆಲಕ್ಕಿಟ್ಟು ಮನೆಯೊಳಗೆ ಹೋದ.

ಉಳಿದ ಎರಡಕ್ಕೆ ನಾನೇ ಸುರಿದೆ. ನಾನೂ ಅಂಗೈ ಇಟ್ಟೆ. ಮರದ ಮೂಲಕ ಆ ಸದ್ದು ಮೊದಲು ಕೈಗೆ, ಆಮೇಲೆ ಮೊಣಕೈಗೆ ಬರುತ್ತದೆ. ನಿಲ್ಲುವವರೆಗೆ ತೆಗೆಯಲಿಲ್ಲ. ಐದನ್ನೂ ಗುಂಡಿಗೆ ಉರುಳಿಸಿ ಬೆಂಕಿ ಇಟ್ಟೆವು. ಮೇಣ ಕರಗಿ ಉರಿಯುವಾಗ ವಾಸನೆ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಎಲ್ಲಕ್ಕಿಂತ ಕೆಟ್ಟದ್ದು.

ಮಾರ್ಚ್ ೨೨, ಶನಿವಾರ

ಉಳಿದ ಹದಿನಾರರಲ್ಲಿ ಆರನ್ನು ನೋಡಿದೆ. ಪೆಟ್ಟಿಗೆಗೆ ಹತ್ತು ಕಡ್ಡಿ. ಎರಡು ಪೆಟ್ಟಿಗೆಗಳಲ್ಲಿ ಅನುಮಾನ ಬಂದು ಇಪ್ಪತ್ತು. ಎಳೆ ಎಲ್ಲೂ ಇಲ್ಲ. ಐದನೇ ಪೆಟ್ಟಿಗೆಯಲ್ಲಿ ಒಂದು ಮರಿ ಸೀಮೆಸುಣ್ಣದ ಹಾಗೆ ಗಟ್ಟಿಯಾಗಿ ಸತ್ತಿತ್ತು. ಅದು ಬೇರೆ ಕಾಯಿಲೆ, ಬಿಸಿಲು ಬಂದರೆ ತಾನೇ ಹೋಗುತ್ತದೆಂದು ಅತ್ತೆ ಹೇಳಿದರು. ಕೆಲಸದ ಮಾತು ಮಾತ್ರ ಆಡುತ್ತಾರೆ. ಹನ್ನೊಂದರ ರಾಣಿ ಚೆನ್ನಾಗಿ ಮೊಟ್ಟೆ ಇಡುತ್ತಿದೆ, ನಡುವಿನಿಂದ ಸುತ್ತಲೂ, ಒಂದು ಕಣವನ್ನೂ ಬಿಡದೆ.

ಅತ್ತೆಯ ಮಗ ಮುಂದಿನ ಕೋಣೆಯ ಬೆಂಚಿನ ಮೇಲೆ ಮಲಗುತ್ತಾನೆ.

ಮಾರ್ಚ್ ೨೩, ಭಾನುವಾರ

ಅಕ್ಕ ಕಾರು ತಂದಳು. ಅಮ್ಮ ಬರುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬು, ಕಂಬಳಿ ಎಲ್ಲ ಹಾಸಿಕೊಂಡು ಬಂದಿದ್ದಳು.

"ರೆಡಿನಾ? ಚೀಲ ಎಲ್ಲಿ?"

ಅತ್ತೆ ಆಲೂಗಡ್ಡೆ ಸುಲಿಯುತ್ತಿದ್ದರು. "ನಿನ್ನ ತಮ್ಮನ್ನ ಕೇಳು."

ಅವನು ಕಿಟಕಿಯ ಹೊರಗೆ ನೋಡಿದ. "ಅಮ್ಮ ಬರಲ್ಲ. ಆ ಪೆಟ್ಟಿಗೆ ಅಮ್ಮ ನೋಡಿದ್ದಲ್ಲ" ಎಂದ. ಯಾರು ನೋಡಿದ್ದು ಎಂದು ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿದ. ಅವನು ಹೇಳಲಾರ ಎಂದು ಗೊತ್ತಾಯಿತು. ಸಿಟ್ಟಿದೆ, ಆದರೂ ಹೇಳಲಾರ.

ನಾನು ಹೇಳಿದೆ. ಗೆರೆ, ಕಡ್ಡಿ, ಸುಳ್ಳು, ಎಲ್ಲ. ನಿಂತುಕೊಂಡೇ, ಕೈಯಲ್ಲಿ ಪಾತ್ರೆ ಹಿಡಿದುಕೊಂಡೇ.

ಅಕ್ಕ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಪರಿಚಯದ್ದು. ಪತಂಗದ ಮರಿಗಳನ್ನು ನಾನು ನೋಡಿದ್ದು ಹಾಗೇ.

"ಇಂಥವಳ ಕೈಲಿ ಊಟ ಮಾಡ್ತೀರಾ ನೀವು?"

ಅತ್ತೆ ಸಿಪ್ಪೆಯನ್ನು ಬುಟ್ಟಿಗೆ ಹಾಕಿದರು. "ಕೈ ತೊಳ್ಕೊಂಡು ಬಡಿಸ್ತಾಳೆ. ನೀನು ಕೂತ್ಕೋ."

ಕೈ ತೊಳೆದುಕೊಂಡೆ. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಬಡಿಸಿದೆ. ಅತ್ತೆ ಮೊದಲು ತಟ್ಟೆ ಎಳೆದುಕೊಂಡು ತಿನ್ನತೊಡಗಿದರು, ಬಾಯಿ ತುಂಬ, ಯಾರ ಮುಖವನ್ನೂ ನೋಡದೆ. ಅಕ್ಕ ಮುಟ್ಟಲಿಲ್ಲ. ಅವನ ತಟ್ಟೆಯಲ್ಲಿ ಆಲೂಗಡ್ಡೆಯ ಹಬೆ ನಿಂತಿತು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ.

"ಉಪ್ಪು" ಎಂದ.

ಗುರುವಾರದಿಂದೀಚೆಗೆ ನನ್ನ ಜೊತೆ ಅವನಾಡಿದ ಮೊದಲ ಮಾತು. ಕೊಟ್ಟೆ.